ಊರಿಗೆ ಊರೇ ಆಸರೆಯಾದದ್ದು ಹೇಗೆ?

ದಕ್ಷಿಣ ಫ್ರಾನ್ಸಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲೆ ಲ ಶಾಂಬೋನ್-ಸ್ಯುರ್-ಲಿನ್ಯೋ ಎಂಬ ಊರಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಊರಿನವರೂ ಸುತ್ತಲಿನ ಹಳ್ಳಿಗಳ ರೈತರೂ ತಲೆಮರೆಸಿಕೊಂಡು ಬಂದ ಯೆಹೂದಿಗಳಿಗೆ, ಅದರಲ್ಲೂ ಮಕ್ಕಳಿಗೆ, ಆಶ್ರಯ ಕೊಟ್ಟು ಸಾಕಿದರು. ಹಾಗೆ ಬದುಕಿಕೊಂಡವರು 5,000 ಎಂಬ ಲೆಕ್ಕ ಬಹುಕಾಲ ಚಲಾವಣೆಯಲ್ಲಿತ್ತು. ಅದು ಉಬ್ಬಿಸಿದ ಸಂಖ್ಯೆ ಎನ್ನುವ ಇತಿಹಾಸಕಾರರು ಈಗ ಹಲವರಿದ್ದಾರೆ. ಸಂಖ್ಯೆ ಇಳಿದರೂ ಪ್ರಶ್ನೆ ಹಾಗೆಯೇ ಉಳಿಯುತ್ತದೆ: ಫ್ರಾನ್ಸಿನಿಂದ ಸುಮಾರು 75,000 ಯೆಹೂದಿಗಳನ್ನು ರೈಲಿನಲ್ಲಿ ತುಂಬಿ ನಾಜಿಗಳ ಸಾವಿನ ಶಿಬಿರಗಳಿಗೆ ಸಾಗಿಸುತ್ತಿದ್ದಾಗ ಇಲ್ಲಿನ ಜನ ಬೇರೆ ರೀತಿ ನಡೆದುಕೊಂಡದ್ದು ಏಕೆ?

ಅವರು ಒಳ್ಳೆಯವರಾಗಿದ್ದರು ಎಂಬ ಉತ್ತರ ಸುಳ್ಳಲ್ಲ, ಆದರೆ ಅದು ಏನನ್ನೂ ವಿವರಿಸುವುದಿಲ್ಲ. ಪೋಲೆಂಡಿನಲ್ಲಿ 12ರ ಹರೆಯದಲ್ಲಿ ಮನೆಯವರನ್ನು ಕಳೆದುಕೊಂಡು, ರೈತ ಹೆಂಗಸೊಬ್ಬರ ನೆರವಿನಿಂದ ಉಳಿದುಕೊಂಡ ಸ್ಯಾಮ್ಯುಯೆಲ್ ಆಲಿನರ್ ಮುಂದೆ ಅಮೆರಿಕದಲ್ಲಿ ಸಮಾಜಶಾಸ್ತ್ರಜ್ಞರಾದರು. ಪತ್ನಿ ಪರ್ಲ್ ಅವರೊಡನೆ, ಯೆಹೂದಿಗಳನ್ನು ಕಾಪಾಡಿದ 400ಕ್ಕೂ ಹೆಚ್ಚು ಜನರ ಬಗ್ಗೆ ಅಧ್ಯಯನ ನಡೆಸಿ 1988ರಲ್ಲಿ ಪ್ರಕಟಿಸಿದರು. ಅದರಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಒಂದು ಸಂಗತಿ: ಸುಮಾರು ಮೂರನೇ ಎರಡರಷ್ಟು ಮಂದಿ ಮೊದಲು ನೆರವಿಗೆ ಬಂದದ್ದು ತಾವಾಗಿ ಅಲ್ಲ, ಯಾರೋ ಬಂದು ಕೇಳಿದ್ದರಿಂದ. ಗುಂಪಿನಲ್ಲಿ ನಿಂತು ನೋಡುವವರಲ್ಲಿ ಹೊಣೆ ಹಂಚಿಹೋಗಿ ಯಾರೂ ಮುಂದಾಗದಿರುವ ಸಾಧ್ಯತೆ ಹೆಚ್ಚು ಎಂದು ಮನಶ್ಶಾಸ್ತ್ರಜ್ಞರಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದ್ದರು. ಒಬ್ಬರ ಬಾಗಿಲಿಗೇ ಬಂದು ಕೇಳಿದಾಗ ಆ ಹೊಣೆಯನ್ನು ಹಂಚಲು ಬೇರೆ ಯಾರೂ ಇರುವುದಿಲ್ಲ.

ಆದರೆ ಕೇಳುವುದಾದರೂ ಯಾರನ್ನು? ತಪ್ಪು ಮನೆಯಲ್ಲಿ ಕೇಳಿದರೆ ಮರುದಿನ ಪೊಲೀಸರು ಬರುತ್ತಾರೆ. ಶಾಂಬೋನಿನ ಅನುಕೂಲ ಇದ್ದದ್ದು ಇಲ್ಲಿಯೇ. ಕ್ಯಾಥೊಲಿಕ್ ಬಹುಸಂಖ್ಯಾತ ದೇಶದಲ್ಲಿ ಇದು ಪ್ರಾಟೆಸ್ಟೆಂಟರ ನೆಲೆ. 1685ರಲ್ಲಿ ರಾಜಾಜ್ಞೆಯಿಂದ ತಮ್ಮ ಮತವೇ ನಿಷಿದ್ಧವಾಗಿ, ಹಿರಿಯರು ಗುಟ್ಟಾಗಿ ಪ್ರಾರ್ಥನೆ ನಡೆಸಿದ ನೆನಪು ಮನೆಮನೆಯಲ್ಲೂ ಜೀವಂತವಾಗಿತ್ತು. ಪಾದ್ರಿ ಆಂದ್ರೆ ತ್ರೊಕ್ಮೆ ಬೈಬಲ್ ಅಧ್ಯಯನಕ್ಕೆಂದು ಊರಿನ ಬೇರೆಬೇರೆ ಭಾಗಗಳಲ್ಲಿ ಕಟ್ಟಿದ್ದ ಸಣ್ಣ ಗುಂಪುಗಳ ಮೂಲಕವೇ ಯಾರನ್ನು ಎಲ್ಲಿ ಇರಿಸಬೇಕೆಂಬ ಮಾತು ಸದ್ದಿಲ್ಲದೆ ಹರಿದಾಡಿತು. ನಗರದ ಮಕ್ಕಳು ಬೆಟ್ಟದ ಗಾಳಿಗೆಂದು ಯುದ್ಧಕ್ಕೆ ಮೊದಲೇ ಇಲ್ಲಿಗೆ ಬಂದು ತಂಗುತ್ತಿದ್ದರು. ಹೀಗಾಗಿ ತಂಗುಮನೆಗಳೂ ಸಿದ್ಧವಿದ್ದವು, ಹೊಸ ಮುಖದ ಮಗು ಕಂಡರೆ ಹುಬ್ಬೇರಿಸುವ ಅಭ್ಯಾಸವೂ ಇರಲಿಲ್ಲ.

ಆದರೂ ಕಾಗದಪತ್ರಗಳಿಲ್ಲದೆ ಪಡಿತರ ಸಿಗುವುದಿಲ್ಲ, ಪಡಿತರವಿಲ್ಲದೆ ಯಾರನ್ನೂ ಬಹಳ ದಿನ ಬಚ್ಚಿಡಲಾಗುವುದಿಲ್ಲ. ಈ ಕೊರತೆಯನ್ನು ತುಂಬಿದವನು ಆಸ್ಕರ್ ರೊಸೊವ್ಸ್ಕಿ ಎಂಬ ಯೆಹೂದಿ ಯುವಕ. ವೈದ್ಯನಾಗಬೇಕೆಂದಿದ್ದ ಆತನಿಗೆ ಯೆಹೂದಿವಿರೋಧಿ ಕಾನೂನು ಅಡ್ಡಬಂದು, ನೀಸ್ ನಗರದಲ್ಲಿ ಟೈಪ್‌ರೈಟರ್ ರಿಪೇರಿ ಮಾಡಿಕೊಂಡಿದ್ದ. ಶಾಂಬೋನಿಗೆ ಬಂದ ಮೇಲೆ ರೈತರೊಬ್ಬರ ಮನೆಯಲ್ಲಿದ್ದುಕೊಂಡು ಗುರುತಿನ ಚೀಟಿ, ಪಡಿತರ ಚೀಟಿಗಳನ್ನು ನಕಲಿ ಮುದ್ರೆಯೊತ್ತಿ ತಯಾರಿಸಿದ. ಅವುಗಳನ್ನು ಅದೇ ಮನೆಯ ಜೇನುಪೆಟ್ಟಿಗೆಗಳಲ್ಲಿ ಅಡಗಿಸಿಡುತ್ತಿದ್ದರು. ಯಾವ ಪೊಲೀಸಿನವನು ಅಲ್ಲಿಗೆ ಕೈ ಹಾಕಿಯಾನು!

ಇದೆಲ್ಲ ಅಪಾಯವಿಲ್ಲದೆ ನಡೆಯಲಿಲ್ಲ. 1943ರ ಫೆಬ್ರುವರಿಯಲ್ಲಿ ತ್ರೊಕ್ಮೆಯವರನ್ನೂ ಇನ್ನಿಬ್ಬರು ಸಂಗಡಿಗರನ್ನೂ ಬಂಧಿಸಿ ಕೆಲವು ವಾರಗಳ ನಂತರ ಬಿಟ್ಟರು. ಅದೇ ಜೂನ್‌ನಲ್ಲಿ ನಾಜಿ ಜರ್ಮನಿಯ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಒಂದು ವಿದ್ಯಾರ್ಥಿನಿಲಯದ ಮೇಲೆ ದಾಳಿ ಮಾಡಿ ವಿದ್ಯಾರ್ಥಿಗಳ ಜೊತೆಗೆ ಪಾದ್ರಿಯ ಬಂಧು ದಾನಿಯೆಲ್ ತ್ರೊಕ್ಮೆಯವರನ್ನೂ ಹಿಡಿದೊಯ್ದಿತು. ಅವರು 1944ರಲ್ಲಿ ಮೈದಾನೆಕ್ ಎಂಬ ನಾಜಿ ಶಿಬಿರದಲ್ಲಿ ಸತ್ತರು.

ಶಾಂಬೋನ್ ಒಂದು ಅಪವಾದವಷ್ಟೇ ಎನ್ನಬಹುದಿತ್ತು. ಆದರೆ ರಾಬರ್ಟ್ ಬ್ರೌನ್ ಎಂಬ ಸಂಶೋಧಕ ನೆದರ್ಲೆಂಡ್ಸ್‌ನ ದಾಖಲೆಗಳನ್ನು ಜಾಲಾಡಿದಾಗ ಇದೇ ಮಾದರಿ ಕಂಡಿತು: ಕ್ಯಾಥೊಲಿಕ್ ಸೀಮೆಯಲ್ಲಿ ಪ್ರಾಟೆಸ್ಟೆಂಟ್ ಚರ್ಚಿಗೆ, ಪ್ರಾಟೆಸ್ಟೆಂಟ್ ಸೀಮೆಯಲ್ಲಿ ಕ್ಯಾಥೊಲಿಕ್ ಚರ್ಚಿಗೆ ಹತ್ತಿರವಿದ್ದ ಯೆಹೂದಿಗಳು ಪಾರಾಗುವ ಸಂಭವ ಹೆಚ್ಚಾಗಿತ್ತು. ಎಂದರೆ ನಿರ್ಣಾಯಕವಾದದ್ದು ಯಾವ ಮತ ಎಂಬುದಲ್ಲ, ಅದು ಅಲ್ಲಿ ಅಲ್ಪಸಂಖ್ಯಾತವೇ ಎಂಬುದು. ಸಣ್ಣ ಸಮುದಾಯದಲ್ಲಿ ಪರಸ್ಪರ ಪರಿಚಯ ಗಾಢವಾಗಿರುತ್ತದೆ, ಗುಟ್ಟು ಹೊರಗೆ ಸೋರುವುದು ಕಡಿಮೆ.

ಅದೇ ದೇಶದ ನ್ಯೂಲಾಂಡೆ ಎಂಬ ಹಳ್ಳಿ ಇನ್ನೂ ಜಾಣತನ ತೋರಿತು. ಪ್ರತಿಯೊಂದು ಮನೆಯೂ ಒಂದು ಯೆಹೂದಿ ಕುಟುಂಬವನ್ನು, ಕಡೆಯ ಪಕ್ಷ ಒಬ್ಬರನ್ನಾದರೂ ಇಟ್ಟುಕೊಳ್ಳಬೇಕೆಂದು ಅಲ್ಲಿನವರು ತೀರ್ಮಾನಿಸಿದರು. ಎಲ್ಲರೂ ಒಂದೇ ಅಪರಾಧದಲ್ಲಿ ಪಾಲುದಾರರಾದ್ದರಿಂದ ನೆರೆಯವನು ಚಾಡಿ ಹೇಳಿಯಾನೆಂಬ ಭಯವೇ ಉಳಿಯಲಿಲ್ಲ. ಯೆಹೂದಿಗಳನ್ನು ಕಾಪಾಡಿದ್ದಕ್ಕಾಗಿ ಸಲ್ಲಿಸುವ ಗೌರವವನ್ನು ಇಸ್ರೇಲಿನ ಯಾದ್ ವಾಶೆಮ್ ಸ್ಮಾರಕ ಸಂಸ್ಥೆ ಸಾಮಾನ್ಯವಾಗಿ ವ್ಯಕ್ತಿಗಳಿಗೆ ಮಾತ್ರ ಕೊಡುತ್ತದೆ. ಇಡೀ ಸಮುದಾಯವೆಂದು ಗುರುತಿಸಿದ್ದು ನ್ಯೂಲಾಂಡೆಯನ್ನು ಮತ್ತು, 1990ರಲ್ಲಿ, ಶಾಂಬೋನನ್ನು.