ಮೇಲ್ಮನೆ ಅಂದರೆ ಯಾವ ಮನೆ?

ಸುದ್ದಿಯಲ್ಲಿ 'ಮೇಲ್ಮನೆ' ಅಂತ ಕಂಡರೆ ಅದು ಎಲ್ಲಿಯ ಸುದ್ದಿ ಅಂತ ಮೊದಲು ನೋಡಿ. ಬೆಂಗಳೂರಿನದಾದರೆ ವಿಧಾನ ಪರಿಷತ್ತು, ದೆಹಲಿಯದಾದರೆ ರಾಜ್ಯಸಭೆ. ನಾನಿಲ್ಲಿ ಹೇಳುತ್ತಿರುವುದು ದೆಹಲಿಯದು.

ಹೆಸರಲ್ಲಿ 'ರಾಜ್ಯ' ಇದೆ ಅಂತ ಇದನ್ನು ರಾಜ್ಯ ಸರ್ಕಾರಕ್ಕೆ ಸೇರಿಸಬೇಡಿ. ರಾಜ್ಯಗಳ ಪರವಾಗಿ ಸಂಸತ್ತಿನಲ್ಲಿ ಕೂರುವ ಸಭೆ ಇದು. ಮೊದಲ ಸಲ ಕೂತದ್ದು 1952ರ ಮೇ 13ರಂದು, 'ರಾಜ್ಯಸಭೆ' ಅನ್ನೋ ಹೆಸರು ಬಂದದ್ದು 1954ರಲ್ಲಿ. ಈಗ 245 ಸ್ಥಾನ, ಅದರಲ್ಲಿ ಕರ್ನಾಟಕಕ್ಕೆ 12.

ನನಗೆ ತುಂಬಾ ಹಿಡಿಸುವ ಸಂಗತಿ ಅಂದರೆ ಈ ಮನೆ ಯಾವತ್ತೂ ಪೂರ್ತಿ ಖಾಲಿಯಾಗುವುದಿಲ್ಲ. ಲೋಕಸಭೆ ವಿಸರ್ಜನೆ ಆಗುತ್ತದೆ, ಇದು ಆಗುವುದಿಲ್ಲ. ಸದಸ್ಯರಿಗೆ ಆರು ವರ್ಷ, ಎರಡು ವರ್ಷಕ್ಕೊಮ್ಮೆ ಮೂರರಲ್ಲೊಂದು ಪಾಲು ಜನ ನಿವೃತ್ತರಾಗಿ ಹೊಸಬರು ಬರುತ್ತಾರೆ, ಹಾಗಾಗಿ ಒಂದೇ ಚುನಾವಣೆಯ ಅಲೆಗೆ ಇಡೀ ಸದನ ಮಗುಚಿಕೊಳ್ಳುವುದಿಲ್ಲ. ಇದರ ನಿಜವಾದ ಬಲ ಇಲ್ಲೇ ಇರೋದು.

ನಾವು ನೀವು ಇದಕ್ಕೆ ವೋಟ್ ಹಾಕುವುದಿಲ್ಲ, ಶಾಸಕರು ಹಾಕುತ್ತಾರೆ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ಪ್ರಾಶಸ್ತ್ಯ ಬರೆಯಬೇಕು, ಅದೂ ಚುನಾವಣಾಧಿಕಾರಿ ಕೊಟ್ಟ ನೇರಳೆ ಸ್ಕೆಚ್ ಪೆನ್ನಿನಲ್ಲೇ. ಪಕ್ಷದ ಶಾಸಕರಾದರೆ ಬರೆದದ್ದನ್ನು ಪೆಟ್ಟಿಗೆಗೆ ಹಾಕುವ ಮೊದಲು ಪಕ್ಷದ ಏಜೆಂಟ್‌ಗೆ ತೋರಿಸಬೇಕು. ನಮ್ಮ 224 ಶಾಸಕರು ನಾಲ್ಕು ಸ್ಥಾನ ತುಂಬಬೇಕು ಅಂದುಕೊಳ್ಳಿ. 224ನ್ನು ಐದರಿಂದ ಭಾಗಿಸಿ, ಉಳಿಕೆ ಬಿಟ್ಟು ಒಂದು ಸೇರಿಸಿ: 45. ಅಷ್ಟು ಮೊದಲ ಪ್ರಾಶಸ್ತ್ಯದ ಮತ ಬಿದ್ದರೆ ಗೆದ್ದಂತೆ.

'ಮೇಲ್' ಅಂದ ಮಾತ್ರಕ್ಕೆ ಅಧಿಕಾರ ಜಾಸ್ತಿ ಅಂತಲ್ಲ. ಹಣಕಾಸು ಮಸೂದೆಯನ್ನು ಇದು 14 ದಿನದೊಳಗೆ ವಾಪಸ್ ಕಳಿಸಬೇಕು, ತಡೆಯುವ ಹಾಗಿಲ್ಲ. ಸರ್ಕಾರವನ್ನೂ ಬೀಳಿಸಲಾಗದು. ಆದರೆ ಐಎಎಸ್ ಥರ ಹೊಸ ಅಖಿಲ ಭಾರತ ಸೇವೆ ಶುರು ಮಾಡಬೇಕಾದರೆ ಮೊದಲು ಇಲ್ಲೇ ನಿರ್ಣಯ ಆಗಬೇಕು.

ಅಧಿವೇಶನದ ದಿನ ಬೆಳಗ್ಗೆ 11ಕ್ಕೆ ಕಲಾಪ ಶುರು. ಉಪರಾಷ್ಟ್ರಪತಿಯೇ ಸಭಾಪತಿ. ಕಾಗದಪತ್ರ ಮಂಡನೆ ಮುಗಿದ ಮೇಲೆ ಶೂನ್ಯವೇಳೆ, ಅಂದರೆ ಸದಸ್ಯರು ತುರ್ತು ವಿಷಯ ಎತ್ತುವ ಹೊತ್ತು, 12ಕ್ಕೆ ಪ್ರಶ್ನೋತ್ತರ, ಮಧ್ಯಾಹ್ನ ಮಸೂದೆಗಳು.

ರಾಷ್ಟ್ರಪತಿ ನಾಮಕರಣ ಮಾಡುವ 12 ಜನರೂ ಇಲ್ಲಿರುತ್ತಾರೆ. ಅವರು ಸುಮ್ನೆ ಅಲಂಕಾರಕ್ಕೆ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮೈಸೂರಿನ ಆರ್.ಕೆ. ನಾರಾಯಣ್ 1986ರಲ್ಲಿ ಹಾಗೇ ಹೋದವರು. ಅವರು ಸದನದಲ್ಲಿ ಎದ್ದು ನಿಂತು ಮಾತಾಡಿದ್ದು ಮಕ್ಕಳ ಬೆನ್ನು ಬಗ್ಗಿಸುವ ಶಾಲಾ ಬ್ಯಾಗಿನ ಬಗ್ಗೆ. ಆಮೇಲೆ ಸರ್ಕಾರ ಇದಕ್ಕಾಗಿಯೇ ಯಶಪಾಲ್ ಸಮಿತಿ ನೇಮಿಸಿತು, 1993ರಲ್ಲಿ ಅದರ ವರದಿಯೂ ಬಂತು.