ಪದ ಪರಿಚಯ: ಗರ್ಭನಂಜು

ಬಸುರಿಯ ಪಾದ ಊದಿದರೆ ‘ನಂಜು ಏರಿದೆ’, ಊದದಿದ್ದರೆ ‘ನಂಜೇನಿಲ್ಲ, ಬರೀ ಬಿಪಿ’. ಸೋಮವಾರಪೇಟೆ ಕಡೆಯ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲೂ ಮಡಿಕೇರಿಯ ಓದಿದವರ ಮನೆಗಳಲ್ಲೂ ಇದನ್ನೇ ಕೇಳಿ ಸಾಕಾಗಿದೆ. ಗರ್ಭನಂಜೆಂದರೆ ಬಸಿರಿನಲ್ಲಿ ಬಿಪಿ, ಅಂದರೆ ರಕ್ತದೊತ್ತಡ, ಏರಿ ಅಂಗಗಳಿಗೆ ತೊಂದರೆಯಾಗುವ ಕಾಯಿಲೆ. ಮೇಲಿನ ಎರಡೂ ಮಾತು ತಪ್ಪು. ಎರಡನೆಯದು ಜೀವಕ್ಕೇ ಅಪಾಯ.

ಗೊಂದಲಕ್ಕೆ ಹೆಸರೇ ಕಾರಣ. ಹಾವಿನದೂ ನಂಜು, ಕೀವಾದ ಗಾಯದ್ದೂ ನಂಜು, ಬಾಣಂತಿಗೆ ಆಗದ ತಿನಿಸೂ ನಂಜು. ಹಿಂದೆ ವೈದ್ಯರೂ ಬಸುರಿಯ ರಕ್ತಕ್ಕೆ ವಿಷ ಸೇರುತ್ತದೆಂದು ನಂಬಿ ಇದನ್ನು ‘ಟಾಕ್ಸೀಮಿಯಾ’ ಎಂದು ಕರೆದಿದ್ದರು. ಆ ಹೆಸರನ್ನು ವೈದ್ಯಶಾಸ್ತ್ರ ಕೈಬಿಟ್ಟಿತು, ನಮ್ಮಲ್ಲಿ ನಂಜು ಉಳಿಯಿತು. ಈಗಿನ ಹೆಸರು ಪ್ರೀ-ಎಕ್ಲಾಂಪ್ಸಿಯಾ. ಎಕ್ಲಾಂಪ್ಸಿಯಾ ಎಂದರೆ ಫಿಟ್ಸ್. ಗ್ರೀಕ್ ಮೂಲದಲ್ಲಿ ಫಳ್ಳನೆ ಮಿಂಚುವುದು ಎಂಬ ಅರ್ಥ. ಅದಕ್ಕೆ ಮುಂಚಿನ ಸ್ಥಿತಿ ‘ಪ್ರೀ’. ಇಲ್ಲಿ ತಿಂದದ್ದರ ಪಾತ್ರವಿಲ್ಲ. ಮಾಸು (ಪ್ಲಾಸೆಂಟಾ) ಬೇರೂರುವಾಗ ಗರ್ಭಕೋಶದ ರಕ್ತನಾಳಗಳು ಸಾಕಷ್ಟು ಅಗಲವಾಗದೆ ಹೋದರೆ ಮಾಸಿಗೆ ರಕ್ತ ಸಾಲದು. ಅದು ಹೊರಬಿಡುವ ಪ್ರೋಟೀನುಗಳು ತಾಯಿಯ ರಕ್ತನಾಳಗಳನ್ನೇ ಕೆಡಿಸುತ್ತವೆ. ಕಳಲೆ, ಬದನೆ, ಹಂದಿ ಮಾಂಸ ಬಿಡಿಸಿ ಕೂರಿಸಿದರೆ ಇದು ಇಳಿಯುವುದಿಲ್ಲ. ದಯವಿಟ್ಟು ಬಸುರಿಯನ್ನು ಹಸಿವಿನಲ್ಲಿ ಇಡಬೇಡಿ.

ದಿನವಿಡೀ ನಿಂತು ಕಾಫಿ ಕುಯ್ದವಳ ಕಾಲು ಸಂಜೆಗೆ ಊದುವುದು ಸಹಜ. ಹಾಗಾಗಿಯೇ ಈಗಿನ ವ್ಯಾಖ್ಯೆಯಲ್ಲಿ ಬಾವು ಇಲ್ಲ. ಆದರೆ ಮುಖ, ಕೈ ಇದ್ದಕ್ಕಿದ್ದಂತೆ ಊದಿದರೆ ಕೂಡಲೇ ಬಿಪಿ ನೋಡಿಸಬೇಕು. 20 ವಾರ ಕಳೆದ ಮೇಲೆ ಕನಿಷ್ಠ ನಾಲ್ಕು ಗಂಟೆ ಅಂತರದ ಎರಡು ಅಳತೆಯಲ್ಲೂ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಅಥವಾ ಕಿಡ್ನಿ, ಲಿವರ್, ಪ್ಲೇಟ್‌ಲೆಟ್‌ಗಳಲ್ಲಿ ತೊಂದರೆ ಕಂಡರೆ ಅದು ಗರ್ಭನಂಜು. ‘ಬರೀ ಬಿಪಿ’ ಕೆಲವರಲ್ಲಿ ಮುಂದೆ ಇದೇ ಆಗುತ್ತದೆ.

ಒಂದು ದಿನದ ಅಂಕಿಯನ್ನಷ್ಟೇ ನೋಡಬೇಡಿ, ತಾಯಿ ಕಾರ್ಡಿನಲ್ಲಿ ಬರೆದ ಹಿಂದಿನ ಬಿಪಿ ಅಂಕಿಗಳ ಸಾಲನ್ನು ಓದಿ. ಬಸಿರಿನ ನಡುವಿನ ತಿಂಗಳುಗಳಲ್ಲಿ ಒತ್ತಡ ಸಾಮಾನ್ಯವಾಗಿ ಸ್ವಲ್ಪ ಇಳಿಯುತ್ತದೆ. ಮೊದಲು 100/60 ಇದ್ದವಳದು ಆ ತಿಂಗಳುಗಳಲ್ಲೇ 130/85 ಆದರೆ ಗಡಿ ದಾಟಿಲ್ಲವೆಂದು ಸುಮ್ಮನಿರಬಾರದು, ಬೇಗ ಮತ್ತೆ ನೋಡಿಸಬೇಕು. ಮಳೆಯೆಂದು ಮೊದಲ ತಪಾಸಣೆಗಳನ್ನು ತಪ್ಪಿಸಿದರೆ ಹೋಲಿಸಲು ಏನೂ ಇರುವುದಿಲ್ಲ. ಏರು ಹತ್ತಿ ಬಂದವರನ್ನು ಐದು ನಿಮಿಷ ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕಿಟ್ಟು ಅಳೆಯಬೇಕು. ಹಿಂದಿನ ಹೆರಿಗೆಯಲ್ಲಿ ಹೀಗಾಗಿದ್ದವರು, ಅವಳಿ ಹೊತ್ತವರು, ಸಕ್ಕರೆ ಕಾಯಿಲೆಯವರು ಮೊದಲೇ ಹೇಳಿಕೊಳ್ಳಬೇಕು; ಇಂಥ ಕೆಲವರಿಗೆ 16 ವಾರದೊಳಗೆ ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಶುರುಮಾಡುತ್ತಾರೆ.

ಮೇಲಿನದು 160 ಅಥವಾ ಕೆಳಗಿನದು 110 ಮುಟ್ಟಿದರೆ, ಇಲ್ಲವೇ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು ಇವುಗಳಲ್ಲಿ ಒಂದು ಕಂಡರೂ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು, ಭಾಗಮಂಡಲದಂಥ ದೂರದ ಊರಿನವರಂತೂ ಬೆಳಗಾಗಲೆಂದು ಕಾಯಲೇಬಾರದು. ಹೆರಿಗೆಯಾದ ಮೇಲೂ ಆರು ವಾರದವರೆಗೆ ಇದು ಕಾಣಿಸಿಕೊಳ್ಳಬಹುದು, ಆದ್ದರಿಂದ ಬಾಣಂತಿಯ ಬಿಪಿಯನ್ನೂ ನೋಡಿಸಿ.