ಗೆಲುವಿಗೆ ಅಂಜಿದ ಹನ್ನೊಂದು ಕಾಲೇಜುಗಳು

ಅಮೆರಿಕದ ಪೂರ್ವ ಕರಾವಳಿಯಲ್ಲಿ ಶುಕ್ರವಾರ ಸಂಜೆ ಏಳಕ್ಕೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಆಟ ಶುರುವಾದರೆ ನಮಗೆ ಶನಿವಾರ ಬೆಳಗಿನ ಜಾವ ಐದೂವರೆ. ಜನವರಿಯಲ್ಲಿ ನಾನು ಆ ಹೊತ್ತಿಗೆ ಏಳುತ್ತೇನೆ. ಕಾಫಿ ಕಾಯಿಸಿಕೊಂಡು ಫೋನನ್ನು ಡಬ್ಬಿಗೆ ಒರಗಿಸಿದರೆ ಪರದೆಯ ಮೇಲೆ ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಊರಿನ ಬೇಟ್ಸ್ ಕಾಲೇಜಿನ ಜಿಮ್ ಮೂಡುತ್ತದೆ. ನಮ್ಮ ಕಡೆಯ ದೊಡ್ಡ ಕಲ್ಯಾಣ ಮಂಟಪಕ್ಕಿಂತ ದೊಡ್ಡದಲ್ಲ. ಅಂಕಣದ ಗೆರೆಗೆ ಕಾಲು ತಾಗುವಷ್ಟು ಹತ್ತಿರ ವಿದ್ಯಾರ್ಥಿಗಳು ಕೂತಿರುತ್ತಾರೆ. ಹೊರಗೆ ಹಿಮ, ಒಳಗೆ ಕಿವಿಗಡಚಿಕ್ಕುವ ಕೂಗು. ಈ ಹುಡುಗರಲ್ಲಿ ಯಾರಿಗೂ ಆಟಕ್ಕೆಂದು ಒಂದು ಡಾಲರ್ ವಿದ್ಯಾರ್ಥಿವೇತನವೂ ಇಲ್ಲ.

ಇದು ನೆಸ್ಕ್ಯಾಕ್. ನ್ಯೂ ಇಂಗ್ಲೆಂಡ್ ಸಣ್ಣ ಕಾಲೇಜುಗಳ ಕ್ರೀಡಾ ಕೂಟ. ಸದಸ್ಯರು ಹನ್ನೊಂದು: ಆಮರ್ಸ್ಟ್, ವಿಲಿಯಮ್ಸ್, ವೆಸ್ಲಿಯನ್, ಬೋಡನ್, ಬೇಟ್ಸ್, ಕೋಲ್ಬಿ, ಟ್ರಿನಿಟಿ, ಟಫ್ಟ್ಸ್, ಮಿಡಲ್‌ಬರಿ, ಹ್ಯಾಮಿಲ್ಟನ್, ಕನೆಟಿಕಟ್ ಕಾಲೇಜು. ಟಫ್ಟ್ಸ್ ದೊಡ್ಡ ವಿಶ್ವವಿದ್ಯಾಲಯ. ಉಳಿದ ಬಹುತೇಕ ಕಡೆ ವಿದ್ಯಾರ್ಥಿಗಳ ಸಂಖ್ಯೆ ಎರಡು-ಮೂರು ಸಾವಿರದ ಆಸುಪಾಸು. ಅಮೆರಿಕದ ಕಾಲೇಜು ಕ್ರೀಡೆಯ ಮೂರನೆಯ ದರ್ಜೆಯಲ್ಲಿ, ಅಂದರೆ ಡಿವಿಷನ್ 3ರಲ್ಲಿ, ಇವು ಆಡುತ್ತವೆ. ಈ ಕಾಲೇಜುಗಳು ಒಟ್ಟು ಸೇರಿದ್ದು ಗೆಲ್ಲಬೇಕು ಎಂದಲ್ಲ, ಆಟದ ಹುಚ್ಚು ಓದನ್ನು ನುಂಗಿಹಾಕದಂತೆ ತಡೆಯಬೇಕು ಎಂದು. ಹಾಗೆ ಕಟ್ಟಿದ ಕೂಟವೇ ರಾಷ್ಟ್ರ ಪ್ರಶಸ್ತಿಗಳನ್ನು ಗೆಲ್ಲತೊಡಗಿದ್ದು ಹೇಗೆ ಎಂಬುದು ನನ್ನನ್ನು ವರ್ಷಗಳಿಂದ ಹಿಡಿದಿಟ್ಟಿರುವ ಪ್ರಶ್ನೆ.

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಈ ನೆರೆಹೊರೆಯಲ್ಲಿ. ಆಮರ್ಸ್ಟ್‌ನಿಂದ ದಕ್ಷಿಣಕ್ಕೆ ಒಂದು ಗಂಟೆಯೊಳಗೆ ಸ್ಪ್ರಿಂಗ್‌ಫೀಲ್ಡ್ ಸಿಗುತ್ತದೆ. 1891ರ ಡಿಸೆಂಬರ್‌ನಲ್ಲಿ ಅಲ್ಲಿನ ವೈಎಂಸಿಎ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಗ್ಯಾಲರಿಯ ಕಟಕಟೆಗೆ ಮೊಳೆ ಹೊಡೆಸಿ, ಹದಿನೆಂಟು ಜನರನ್ನು ಎರಡು ತಂಡ ಮಾಡಿ ಆಡಿಸಿದರು. ಚಳಿಗಾಲದಲ್ಲಿ ಒಳಾಂಗಣದಲ್ಲಿ ಕೂತು ಬೇಸತ್ತ ಹುಡುಗರಿಗೆ ಏನಾದರೂ ಆಟ ಬೇಕಿತ್ತು, ಅಷ್ಟೇ. ಆ ಮೊದಲ ತಂಡದಲ್ಲಿದ್ದ ಡಂಕನ್ ಪ್ಯಾಟನ್ ಕೆಲವೇ ವರ್ಷಗಳಲ್ಲಿ ವೈಎಂಸಿಎ ಕೆಲಸಕ್ಕೆಂದು ಭಾರತಕ್ಕೆ ಬಂದು ಈ ಆಟವನ್ನು ಇಲ್ಲಿಗೆ ತಂದರು. 1920ರಲ್ಲಿ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಕಾಲೇಜು ಕಟ್ಟಿದ ಹ್ಯಾರಿ ಬಕ್ ಕೂಡ ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತವರು. ಮದ್ರಾಸಿನ ಆ ಕಾಲೇಜಿನಲ್ಲಿ ತರಬೇತಾದ ಪಿಟಿ ಮೇಷ್ಟ್ರುಗಳು ದಕ್ಷಿಣ ಭಾರತದ ಶಾಲೆಗಳ ಮಣ್ಣಿನ ಅಂಗಳಗಳಲ್ಲಿ ಕಂಬ ನೆಟ್ಟರು. ಹೀಗಾಗಿ ಲೂಯಿಸ್ಟನ್ನಿನ ಆ ಜಿಮ್ ನನಗೆ ತೀರ ಪರಕೀಯ ಅನ್ನಿಸುವುದಿಲ್ಲ.

ಕೂಟದ ಬೇರು 1955ರಲ್ಲಿದೆ. ಆಗ ಆಮರ್ಸ್ಟ್, ಬೋಡನ್, ವೆಸ್ಲಿಯನ್, ವಿಲಿಯಮ್ಸ್ ಈ ನಾಲ್ಕು ಕಾಲೇಜುಗಳು ಕ್ರೀಡೆಯ ಬಗ್ಗೆ ಒಂದು ಒಪ್ಪಂದಕ್ಕೆ ಬಂದವು. ಆಟಗಾರ ಮೊದಲು ವಿದ್ಯಾರ್ಥಿ. ಎಲ್ಲ ವಿದ್ಯಾರ್ಥಿಗಳ ಹಾಗೆಯೇ ಅವನಿಗೂ ಪ್ರವೇಶ, ಅವನ ಮನೆಯ ಅಗತ್ಯ ನೋಡಿಯೇ ಹಣದ ನೆರವು. ಅದೇ ವರ್ಷ ವಿಲಿಯಮ್ಸ್ ತಂಡ, ಅಮೆರಿಕದ ಕಾಲೇಜು ಕ್ರೀಡೆಯನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ದೊಡ್ಡ ಟೂರ್ನಿಯಲ್ಲಿ ಆಡಿತ್ತು. ಹತ್ತು ವರ್ಷ ಮೊದಲು, 1945ರಲ್ಲಿ, ಟಫ್ಟ್ಸ್ ಕೂಡ ಆಡಿತ್ತು. ಇಂದು ಕೋಟ್ಯಂತರ ಜನ ನೋಡುವ ಮಾರ್ಚ್ ತಿಂಗಳ ಆ ಟೂರ್ನಿಗೆ ಇಂಥ ಪುಟ್ಟ ಕಾಲೇಜು ಹೋಗಬಹುದಾದ ಕಾಲ ಅದು. ದೊಡ್ಡ ವಿಶ್ವವಿದ್ಯಾಲಯಗಳು ಆಟಗಾರರಿಗೆ ಪೂರ್ಣ ವಿದ್ಯಾರ್ಥಿವೇತನ ಕೊಟ್ಟು ದೇಶದ ಉದ್ದಗಲ ಹುಡುಕಾಡತೊಡಗಿದಾಗ ಆ ಬಾಗಿಲು ಮುಚ್ಚಿತು.

1971ರಲ್ಲಿ ಆ ನಾಲ್ಕರ ಜೊತೆ ಇನ್ನೂ ಏಳು ಸೇರಿ ನೆಸ್ಕ್ಯಾಕ್ ಆಯಿತು. ಇದನ್ನು ಹುಟ್ಟಿಸಿದ್ದು ಕೋಚ್‌ಗಳಲ್ಲ, ಕಾಲೇಜುಗಳ ಅಧ್ಯಕ್ಷರು. ಕೊನೆಯ ಮಾತೂ ಅವರದೇ. ಎರಡು ವರ್ಷದ ಬಳಿಕ ಎನ್‌ಸಿಎಎ ಮೂರು ಡಿವಿಷನ್‌ಗಳಾಗಿ ಒಡೆದಾಗ ಇವು ವಿದ್ಯಾರ್ಥಿವೇತನವಿಲ್ಲದ ಮೂರನೆಯದಕ್ಕೆ ಸಹಜವಾಗಿಯೇ ಸೇರಿದವು. ನಿಯಮ ಎಷ್ಟು ಗಟ್ಟಿ ಎಂಬುದು ಬೇಗನೆ ಗೊತ್ತಾಯಿತು. ಸ್ಥಾಪಕ ಸದಸ್ಯರಲ್ಲಿ ಒಂದಾದ ಯೂನಿಯನ್ ಕಾಲೇಜು ಐಸ್ ಹಾಕಿಗೆ ಆಟಗಾರರನ್ನು ಸೆಳೆಯುವ ವಿಚಾರದಲ್ಲಿ ಜಗಳವಾಗಿ 1977ರಲ್ಲಿ ಹೊರನಡೆಯಿತು. ಅದರ ಜಾಗಕ್ಕೆ 1982ರಲ್ಲಿ ಕನೆಟಿಕಟ್ ಕಾಲೇಜು ಬಂತು.

ಎಲ್ಲಕ್ಕಿಂತ ಬಿಗಿಯಾದ ನಿಯಮ ಬೇರೆಯೇ ಇತ್ತು. ನೆಸ್ಕ್ಯಾಕ್ ತಂಡಗಳು ರಾಷ್ಟ್ರಮಟ್ಟದ ಟೂರ್ನಿಗೆ ಹೋಗುವ ಹಾಗಿರಲಿಲ್ಲ. ಈಜುಗಾರ ಹೋಗಬಹುದು, ಓಟಗಾರ ಹೋಗಬಹುದು, ತಂಡ ಹೋಗುವಂತಿಲ್ಲ. ಎಷ್ಟು ಗೆದ್ದರೂ ಫೆಬ್ರವರಿ ಕೊನೆ, ಮಾರ್ಚ್ ಮೊದಲ ವಾರದ ಪ್ರಾದೇಶಿಕ ಪಂದ್ಯಗಳಿಗೇ ಕತೆ ಮುಗಿಯುತ್ತಿತ್ತು. ಅಧ್ಯಕ್ಷರ ವಾದ ನನಗೆ ಅರ್ಥವಾಗುತ್ತದೆ: ಟೂರ್ನಿ ಎಂದರೆ ತಪ್ಪಿದ ತರಗತಿಗಳು, ಉದ್ದದ ಪ್ರಯಾಣ, ಅದಕ್ಕೂ ಮಿಗಿಲಾಗಿ, ಮುಂದಿನ ವರ್ಷ ಇನ್ನೂ ಎತ್ತರದ ಹುಡುಗ ಬೇಕು ಎಂಬ ಆಸೆ. ಆದರೆ ಇಪ್ಪತ್ತೊಂದರ ಹುಡುಗನ ಕಡೆಯಿಂದ ನೋಡಿ. ನಾಲ್ಕು ವರ್ಷ ಬೆವರಿಳಿಸಿ ಕಟ್ಟಿದ ತಂಡ ಸೋತು ಹೊರಬೀಳುವುದು ಒಂದು ನೋವು. ಆಡಲು ಬಿಡದೆ ಮನೆಗೆ ಕಳಿಸುವುದು ಬೇರೆಯೇ ನೋವು. ಆಟಗಾರರು, ಕೋಚ್‌ಗಳು, ಹಳೆಯ ವಿದ್ಯಾರ್ಥಿಗಳು ವರ್ಷಾನುವರ್ಷ ಕೇಳಿಕೊಂಡರು. ಕೊನೆಗೆ 1993–94ರಿಂದ ಮೂರು ವರ್ಷದ ಪ್ರಯೋಗ ಎಂದು ಬಾಗಿಲು ತೆರೆಯಿತು. ಅಮೆರಿಕನ್ ಫುಟ್‌ಬಾಲ್ ಮಾತ್ರ ಆಮೇಲೂ ದಶಕಗಟ್ಟಲೆ ಹೊರಗೇ ಉಳಿಯಿತು.

ಆ ಪ್ರಯೋಗ ಮತ್ತೆ ಹಿಂದಕ್ಕೆ ಹೋಗಲಿಲ್ಲ. 1995ರಲ್ಲಿ ಟ್ರಿನಿಟಿ ಕೊನೆಯ ನಾಲ್ಕಕ್ಕೆ ತಲುಪಿತು. 1997, 1998ರಲ್ಲಿ ವಿಲಿಯಮ್ಸ್. ಅಲ್ಲಿಯವರೆಗೂ ಕೂಟಕ್ಕೆ ತನ್ನದೇ ಚಾಂಪಿಯನ್ ಇರಲಿಲ್ಲ ಎಂಬುದು ಇನ್ನೂ ಸೋಜಿಗ. ಇದು ನಿಯಮಗಳ ಕೂಟವಾಗಿತ್ತೇ ಹೊರತು ಅಂಕಪಟ್ಟಿಯ ಕೂಟ ಆಗಿರಲಿಲ್ಲ. ಅಧಿಕೃತ ಚಾಂಪಿಯನ್‌ಶಿಪ್ ಟೂರ್ನಿ ಶುರುವಾದದ್ದು 2000–01ರಲ್ಲಿ. ಗೆದ್ದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ.

ಆಮೇಲಿನದು ಭೋರ್ಗರೆದ ಹಾಗೆ. 2003ರಲ್ಲಿ ವಿಲಿಯಮ್ಸ್ ಗಸ್ಟೇವಸ್ ಅಡಾಲ್ಫಸ್ ಕಾಲೇಜನ್ನು 67–65ರಿಂದ ಸೋಲಿಸಿ ರಾಷ್ಟ್ರ ಚಾಂಪಿಯನ್ ಆಯಿತು. ಮರುವರ್ಷವೂ ಫೈನಲ್‌ಗೆ ಹೋಗಿ ವಿಸ್ಕಾನ್ಸಿನ್-ಸ್ಟೀವನ್ಸ್ ಪಾಯಿಂಟ್ ಎದುರು ಎರಡೇ ಅಂಕದಿಂದ ಸೋತಿತು. 2007ರಲ್ಲಿ ಆಮರ್ಸ್ಟ್, 2013ರಲ್ಲಿ ಮತ್ತೆ ಆಮರ್ಸ್ಟ್. ಎರಡನೆಯದು ಅಟ್ಲಾಂಟಾದ ದೊಡ್ಡ ಅಖಾಡದಲ್ಲಿ, ಮೇರಿ ಹಾರ್ಡಿನ್-ಬೇಲರ್ ವಿರುದ್ಧ 87–70. ಎರಡೂ ಸಲ ಕೋಚ್ ಡೇವಿಡ್ ಹಿಕ್ಸನ್. ಅದೇ ಕಾಲೇಜಿನ ಹಳೆಯ ವಿದ್ಯಾರ್ಥಿ. 1977ರಲ್ಲಿ ಕೋಚ್ ಕುರ್ಚಿಯಲ್ಲಿ ಕೂತವರು 2020ರಲ್ಲಿ ನಿವೃತ್ತರಾದಾಗ 826 ಗೆಲುವು ಅವರ ಹೆಸರಿನಲ್ಲಿತ್ತು. ಅವರ ವೃತ್ತಿಯ ಮೊದಲ ಹದಿನಾರು ವರ್ಷ ರಾಷ್ಟ್ರೀಯ ಟೂರ್ನಿಯ ಬಾಗಿಲು ಮುಚ್ಚಿಯೇ ಇತ್ತು. 2023ರಲ್ಲಿ ಅವರನ್ನು ಸ್ಪ್ರಿಂಗ್‌ಫೀಲ್ಡ್‌ನ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ನಾನು ಈ ಕೂಟದ ಬಗ್ಗೆ ಯಾರಿಗಾದರೂ ಹೇಳಬೇಕಾದರೆ ಮೊದಲು ಹೇಳುವುದು ಹಿಕ್ಸನ್ ಹೆಸರನ್ನೇ.

ಸೀಸನ್ ಹೇಗೆ ಸಾಗುತ್ತದೆ ಎಂದು ನೋಡಿದರೆ ಆ ಹಳೆಯ ಅಂಜಿಕೆ ಇನ್ನೂ ಕ್ಯಾಲೆಂಡರ್‌ನಲ್ಲಿ ಉಳಿದಿರುವುದು ಕಾಣುತ್ತದೆ. ಬೇರೆ ಕಾಲೇಜುಗಳು ಅಕ್ಟೋಬರ್‌ನಲ್ಲೇ ಅಭ್ಯಾಸಕ್ಕೆ ಇಳಿದರೆ ಇಲ್ಲಿ ನವೆಂಬರ್ ಬರಬೇಕು. ಆ ತಿಂಗಳ ನಡುವಿಗೆ ಹೊರಗಿನ ತಂಡಗಳ ಜೊತೆ ಪಂದ್ಯ ಶುರು. ಡಿಸೆಂಬರ್‌ನಲ್ಲಿ ಪರೀಕ್ಷೆ, ಆಗ ಆಟ ನಿಂತುಬಿಡುತ್ತದೆ. ಹೊಸ ವರ್ಷಕ್ಕೆ ಆಟಗಾರರು ಖಾಲಿ ಕ್ಯಾಂಪಸ್ಸಿಗೆ ಮೊದಲು ಮರಳುತ್ತಾರೆ.

ನಿಜವಾದ ಸೀಸನ್ ಇರುವುದು ಜನವರಿ ಮೊದಲ ವಾರದಿಂದ ಫೆಬ್ರವರಿ ನಡುವಿನವರೆಗೆ. ಪ್ರತಿ ತಂಡವೂ ಉಳಿದ ಹತ್ತರ ಎದುರು ಒಂದೊಂದೇ ಸಲ ಆಡುತ್ತದೆ: ಐದು ಮನೆಯಲ್ಲಿ, ಐದು ಹೊರಗೆ. (2011ರಲ್ಲಿ ಹ್ಯಾಮಿಲ್ಟನ್ ಪೂರ್ತಿಯಾಗಿ ಒಳಬರುವವರೆಗೆ ಒಂಬತ್ತೇ ಪಂದ್ಯ.) ಹತ್ತೇ ಪಂದ್ಯ ಎಂದರೆ ಒಂದು ಕೆಟ್ಟ ವಾರಾಂತ್ಯ ಇಡೀ ಚಳಿಗಾಲವನ್ನು ಕೆಡಿಸಬಲ್ಲದು. ಈ ವರ್ಷ ಎದುರಾಳಿಯ ಊರಿನಲ್ಲಿ ಸೋತರೆ ಮನೆಯಲ್ಲಿ ಸೇಡು ತೀರಿಸಲು ಮುಂದಿನ ವರ್ಷದವರೆಗೆ ಕಾಯಬೇಕು. ಕೆಲವು ಹಳೆಯ ಪೈಪೋಟಿಗಳಿಗೆ ಮಾತ್ರ ವಿನಾಯಿತಿ ಇದೆ. ಆಮರ್ಸ್ಟ್-ವಿಲಿಯಮ್ಸ್-ವೆಸ್ಲಿಯನ್ ತಮ್ಮನ್ನು ‘ಲಿಟಲ್ ತ್ರೀ’ ಎಂದು ಕರೆದುಕೊಳ್ಳುತ್ತವೆ. ಮೇನ್ ರಾಜ್ಯದ ಕೋಲ್ಬಿ-ಬೇಟ್ಸ್-ಬೋಡನ್‌ಗೂ ಅಂಥದೇ ಬಳಗ. ಇವರು ಎರಡು ಸಲ ಎದುರಾದರೂ ಕೂಟದ ಅಂಕಪಟ್ಟಿಗೆ ಲೆಕ್ಕ ಒಂದೇ ಪಂದ್ಯದ್ದು. ಲೆಕ್ಕಕ್ಕಿಲ್ಲದ ಆಮರ್ಸ್ಟ್-ವಿಲಿಯಮ್ಸ್ ಪಂದ್ಯವನ್ನು ಒಮ್ಮೆ ನೋಡಿ. ಲೆಕ್ಕಕ್ಕಿಲ್ಲ ಎಂದು ಆ ಜಿಮ್‌ನಲ್ಲಿರುವ ಒಬ್ಬರಿಗೂ ನೆನಪಿದ್ದಂತೆ ಕಾಣುವುದಿಲ್ಲ.

ತರಗತಿ ತಪ್ಪಬಾರದೆಂದು ಪಂದ್ಯಗಳು ಬಹುಪಾಲು ಶುಕ್ರವಾರ ರಾತ್ರಿ, ಶನಿವಾರ ಮಧ್ಯಾಹ್ನ. ಬೆನ್ನುಬೆನ್ನಿಗೆ ಎರಡು. ಕೋಲ್ಬಿ ಇರುವ ವಾಟರ್‌ವಿಲ್‌ನಿಂದ ನ್ಯೂಯಾರ್ಕ್ ರಾಜ್ಯದ ಹ್ಯಾಮಿಲ್ಟನ್‌ಗೆ ಹೆಚ್ಚುಕಡಿಮೆ ಬೆಂಗಳೂರಿನಿಂದ ಬೀದರ್‌ನಷ್ಟು ದೂರ, ಅದೂ ಹಿಮದ ದಾರಿಯಲ್ಲಿ, ಬಸ್ಸಿನಲ್ಲಿ. ರಾತ್ರಿ ಆಡಿದ ಕಾಲುಗಳು ಮರುದಿನ ಮಧ್ಯಾಹ್ನ ಮತ್ತೆ ಓಡಬೇಕು. ಶನಿವಾರದ ಎರಡನೇ ಅರ್ಧದಲ್ಲಿ ದೂರದಿಂದ ಎಸೆದ ಚೆಂಡು ರಿಂಗಿನ ಮುಂಭಾಗಕ್ಕೇ ಬಡಿದು ಬೀಳತೊಡಗಿದರೆ ಕೈ ತಪ್ಪಿದೆ ಎಂದುಕೊಳ್ಳಬೇಡಿ, ಕಾಲು ಸೋತಿದೆ. ಎಂಟು-ಒಂಬತ್ತು ಗಟ್ಟಿ ಆಟಗಾರರಿರುವ ತಂಡ ಈ ಕೂಟದಲ್ಲಿ ಮೇಲೆ ಬರುವುದು ಇದೇ ಕಾರಣಕ್ಕೆ. ಫೆಬ್ರವರಿ ನಡುವಿಗೆ ಕೂಟದ ಟೂರ್ನಿ. ಪಟ್ಟಿಯಲ್ಲಿ ಮೇಲಿರುವವರ ಮನೆಯಲ್ಲೇ ಪಂದ್ಯ. ಅಲ್ಲಿ ಸೋತ ಬಲವಾದ ತಂಡಗಳು ಆಯ್ಕೆ ಸಮಿತಿ ತಮ್ಮ ಹೆಸರು ಕರೆಯುತ್ತದೆಯೇ ಎಂದು ಕಾದು ಕೂರುತ್ತವೆ.

ಅಧ್ಯಕ್ಷರು ಅಂಜಿದ್ದು ಸುಳ್ಳೂ ಆಗಲಿಲ್ಲ. ಪ್ರಿನ್ಸ್‌ಟನ್‌ನ ಮಾಜಿ ಅಧ್ಯಕ್ಷ ವಿಲಿಯಂ ಬೋವೆನ್ 2000ದ ದಶಕದ ಆರಂಭದಲ್ಲಿ ನಡೆಸಿದ ಅಧ್ಯಯನಗಳು, ಆಟದ ಪ್ರಭಾವ ದೊಡ್ಡ ವಿಶ್ವವಿದ್ಯಾಲಯಗಳಿಗಿಂತ ಇಂಥ ಪುಟ್ಟ ಕಾಲೇಜುಗಳಲ್ಲೇ ದಟ್ಟ ಎಂದು ತೋರಿಸಿದವು. ಕಾರಣ ಸರಳ ಗಣಿತ. ನಲವತ್ತು ಸಾವಿರ ವಿದ್ಯಾರ್ಥಿಗಳ ನಡುವೆ ಆಟಗಾರರು ಹಿಡಿಯಷ್ಟು. ಎರಡು ಸಾವಿರದಲ್ಲಿ ಮೂವತ್ತರ ಹತ್ತಿರ ತಂಡಗಳನ್ನು ತುಂಬಿಸಬೇಕೆಂದರೆ ಮೂವರಲ್ಲಿ ಒಬ್ಬ ಆಟಗಾರನಾಗುತ್ತಾನೆ. ವಿದ್ಯಾರ್ಥಿವೇತನ ಇಲ್ಲ, ನಿಜ. ಆದರೆ ನೂರಕ್ಕೆ ತೊಂಬತ್ತು ಅರ್ಜಿಗಳನ್ನು ತಿರಸ್ಕರಿಸುವ ಕಾಲೇಜಿನಲ್ಲಿ ಕೋಚ್ ಹೇಳಿದ ಒಂದು ಮಾತಿಗೆ ಸಿಗುವ ಸೀಟು ಸಣ್ಣ ಸಂಪತ್ತಲ್ಲ. ಆಮರ್ಸ್ಟ್ 2017ರಲ್ಲಿ ತಾನೇ ಪ್ರಕಟಿಸಿದ ವರದಿಯ ಪ್ರಕಾರ ವರ್ಷಕ್ಕೆ 67 ಮಂದಿಯವರೆಗೆ ಆಟದ ಬಲವೇ ನಿರ್ಣಾಯಕವಾಗಿ ಪ್ರವೇಶ ಪಡೆಯಬಹುದಿತ್ತು. ಆಟಗಾರರು ಮತ್ತು ಉಳಿದವರ ನಡುವೆ ಊಟದ ಮನೆಯಲ್ಲೂ ಕಾಣುವಂಥ ಬಿರುಕಿದೆ, ಆಟಗಾರರಲ್ಲಿ ಬಿಳಿಯರ ಪ್ರಮಾಣವೇ ಹೆಚ್ಚು ಎಂದೂ ಅದು ಮುಚ್ಚಿಡದೆ ಹೇಳಿತು. ಈ ಆಟವನ್ನು ಇಷ್ಟು ಪ್ರೀತಿಸುವ ನನಗೂ ಆ ವರದಿ ಓದುವುದು ಕಷ್ಟವಾಯಿತು. ಆದರೂ ಅಂಕಿಗಳನ್ನು ಹೊರಗಿಟ್ಟು ಜಗತ್ತಿಗೆ ತೋರಿಸಿದ ಕಾಲೇಜನ್ನು ಗೌರವಿಸುತ್ತೇನೆ.

ಆಟ ತಾನೇ ಒಡ್ಡಿದ ಪರೀಕ್ಷೆ ಇನ್ನೊಂದು. 2013–14ರಲ್ಲಿ ವಿಲಿಯಮ್ಸ್‌ಗೆ ಬಂದ ಡಂಕನ್ ರಾಬಿನ್‌ಸನ್ ಎಂಬ ಮೊದಲ ವರ್ಷದ ಹುಡುಗ ತಂಡವನ್ನು ರಾಷ್ಟ್ರೀಯ ಫೈನಲ್‌ಗೆ ಕೊಂಡೊಯ್ದವರಲ್ಲಿ ಒಬ್ಬ. ಆ ಫೈನಲ್‌ನಲ್ಲಿ ವಿಸ್ಕಾನ್ಸಿನ್-ವೈಟ್‌ವಾಟರ್ ಕೊನೆಯ ಕ್ಷಣದಲ್ಲಿ 75–73ರಿಂದ ಗೆಲುವು ಕಿತ್ತುಕೊಂಡಿತು. ರಾಬಿನ್‌ಸನ್ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು, 2018ರಲ್ಲಿ ಡಿವಿಷನ್ 1 ಫೈನಲ್ ಆಡಿದರು, ಆಮೇಲೆ ಮಯಾಮಿ ಹೀಟ್ ತಂಡದ ಪರ ವೃತ್ತಿಪರ ಲೀಗ್ ಎನ್‌ಬಿಎಯ ಫೈನಲ್ ಕೂಡ. ಅಲ್ಲಿಯವರೆಗೆ ಅಂಥದ್ದು ಅಪರೂಪ. ಕೋವಿಡ್ ಬಂದ ಮೇಲೆ ಅಪರೂಪವಾಗಿ ಉಳಿಯಲಿಲ್ಲ. 2020ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಟೂರ್ನಿ ಎರಡು ಸುತ್ತು ಮುಗಿಸಿ ಅರ್ಧಕ್ಕೆ ನಿಂತಿತು. 2020–21ರ ಸೀಸನ್ನನ್ನು ನೆಸ್ಕ್ಯಾಕ್ ಪೂರ್ತಿ ಕೈಬಿಟ್ಟಿತು. ಕಳೆದುಹೋದ ವರ್ಷಕ್ಕೆ ಬದಲಾಗಿ ಎನ್‌ಸಿಎಎ ಆಟಗಾರರಿಗೆ ಆಡಲು ಒಂದು ವರ್ಷ ಹೆಚ್ಚು ಕೊಟ್ಟಿತು. ಆದರೆ ಈ ಕಾಲೇಜುಗಳಲ್ಲಿ ಹೆಚ್ಚಿನವು ಪದವಿಗಷ್ಟೇ ಸೀಮಿತ. ಡಿಗ್ರಿ ಮುಗಿಸಿದ ಹುಡುಗ ಆ ಉಳಿದ ವರ್ಷವನ್ನು ಸ್ನಾತಕೋತ್ತರ ಓದಿನ ಜೊತೆ ದೊಡ್ಡ ವಿಶ್ವವಿದ್ಯಾಲಯದಲ್ಲಿ ಆಡಬೇಕಾಯಿತು. ಹಾಗೆ ಹೋಗಿ ಅಲ್ಲಿ ನೆಲೆ ಕಂಡುಕೊಂಡವರನ್ನು ನೋಡಿ ಈ ಕೂಟದ ಆಟದ ಮಟ್ಟ ಎಷ್ಟಿತ್ತು ಎಂಬುದು ಹೊರಗಿನವರಿಗೂ ತಿಳಿಯಿತು.

2025ರ ಜುಲೈಯಿಂದ ಡಿವಿಷನ್ 1 ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿಯೇ ಹಣ ಕೊಡಬಹುದು. ಅದಕ್ಕೆ ಸ್ವಲ್ಪ ಮೊದಲು, ಮಾರ್ಚ್‌ನಲ್ಲಿ, ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜು ನ್ಯೂಯಾರ್ಕ್ ವಿಶ್ವವಿದ್ಯಾಲಯವನ್ನು 64–60ರಿಂದ ಸೋಲಿಸಿ ಮೊದಲ ಬಾರಿ ಡಿವಿಷನ್ 3 ರಾಷ್ಟ್ರ ಚಾಂಪಿಯನ್ ಆಯಿತು. ಪ್ರಯೋಗದ ಎರಡನೇ ವರ್ಷದಲ್ಲೇ ಕೊನೆಯ ನಾಲ್ಕಕ್ಕೆ ಹೋಗಿದ್ದ ಅದೇ ಟ್ರಿನಿಟಿ. ಆ ಹುಡುಗರಿಗೆ ಸಂಬಳ ಇರಲಿಲ್ಲ, ಆಟದ ವಿದ್ಯಾರ್ಥಿವೇತನವೂ ಇರಲಿಲ್ಲ. ಶನಿವಾರ ಫೈನಲ್ ಆಡಿದವರು ಮುಂದಿನ ವಾರ ಹಾರ್ಟ್‌ಫರ್ಡ್‌ನಲ್ಲಿ ತರಗತಿಗೆ ಕೂರಬೇಕಿತ್ತು. ನಮ್ಮಲ್ಲಿ ಆಗ ಭಾನುವಾರ. ನಾನು ಆ ಪಂದ್ಯದ ಕೊನೆಯ ನಾಲ್ಕು ನಿಮಿಷವನ್ನು ಮತ್ತೆ ಮೊದಲಿನಿಂದ ಹಾಕಿಕೊಂಡು ನೋಡಿದೆ.